ಗೋಡೆಗೆ ಅಂಟಿಸಿದ ಪಟ್ಟಿ

ಹೋದ ವರ್ಷ ಮಗಳ ಸಾಕರ್ ಕ್ಲಬ್ಬಿನ ಕೋಚ್ ಎಲ್ಲ ಅಪ್ಪ ಅಮ್ಮಂದಿರಿಗೂ ಒಂದು ಸ್ಪ್ರೆಡ್‌ಶೀಟ್ ಕಳಿಸಿದರು. ಎಡಗಡೆ ಹುಡುಗಿಯರ ಹೆಸರು. ಮೇಲೆ ಉದ್ದಕ್ಕೂ ಅಂಕಣಗಳು: ಒಬ್ಬರಿಗೆ ಒಬ್ಬರು ಎದುರಾಗಿ ಆಡುವುದು, ಗೋಲಿಗೆ ಹೊಡೆಯುವುದು, ಹೆಡ್ಡಿಂಗ್, ಓಟ, ಎಡಗಾಲಿನ ಪಾಸು. ಪ್ರತಿ ಅಂಕಣದಲ್ಲೂ ಒಂದು ರ್ಯಾಂಕ್. ಯಾರ ಮಗಳು ಯಾವುದರಲ್ಲಿ ಎಷ್ಟನೆಯವಳು ಅಂತ ಎಲ್ಲರಿಗೂ ಎಲ್ಲರದೂ ಕಾಣುತ್ತಿತ್ತು. ಅದನ್ನು ನೋಡಿದ ಕೂಡಲೇ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ನಮ್ಮ ಯಜಮಾನರು ಹಿಂದಿನಿಂದ ಇಣುಕಿ ನೋಡಿ, 'ಇದೇನೇ, ಸಿಇಟಿ ಲಿಸ್ಟ್ ಇದ್ದ ಹಾಗಿದೆ' ಅಂದರು. ಪಿಯುಸಿ ರಿಸಲ್ಟಿನ ದಿನ ಕಾಲೇಜಿನ ನೋಟಿಸ್ ಬೋರ್ಡ್ ಮುಂದೆ ನೂಕುನುಗ್ಗಲಲ್ಲಿ ನಿಂತವರಿಗೆ ಈ ಒಂಥರಾ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಪಟ್ಟಿಗಳಿಂದ ತಪ್ಪಿಸಿಕೊಳ್ಳಲಿ ಅಂತಲೇ ಅಲ್ವಾ ನಾವು ಮಗಳನ್ನು ಆಟಕ್ಕೆ ಹಾಕಿದ್ದು?

ಶನಿವಾರ ಮ್ಯಾಚಿನ ದಿನ ಮೈದಾನದ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಾಗ ಇದೇ ಮಾತು. ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ನಾವಿರುವ ಕೇರಿ ಎಂಬ ಈ ಊರಿನಲ್ಲಿ ಐಟಿ ಮಂದಿ ಜಾಸ್ತಿ. ಮಗಳ ತಂಡದಲ್ಲೇ ಎರಡು ಕನ್ನಡದ ಮನೆ, ಮೂರು ತೆಲುಗು ಮನೆ. ಮೈಸೂರು ಕಡೆಯ ಒಬ್ಬ ಅಪ್ಪ ಮಾತ್ರ ಭಾರೀ ಖುಷಿಯಲ್ಲಿದ್ದರು. 'ನೋಡಿ ಮೇಡಂ, ಕೊನೆಗೂ ಈ ದೇಶದಲ್ಲಿ ನಮಗೆ ಅರ್ಥ ಆಗೋ ಭಾಷೆಲಿ ಯಾರೋ ಮಾತಾಡಿದ್ರು' ಅಂದರು. ನಾನು ಕೋಚನ್ನು ಹಿಡಿದು ಕೇಳಿದೆ. ಎಳೆಯ ಹುಡುಗಿ, ಕಾಲೇಜು ಮುಗಿಸಿ ಹೆಚ್ಚು ದಿನ ಆಗಿರಲಿಲ್ಲ. ಇದು ನನ್ನದಲ್ಲ, ಚಾಪೆಲ್ ಹಿಲ್‌ನ ಯೂನಿವರ್ಸಿಟಿಯಲ್ಲಿ ಹುಡುಗಿಯರ ಸಾಕರ್ ತಂಡಕ್ಕೆ ಕೋಚ್ ಆಗಿದ್ದ ಆನ್ಸನ್ ಡೋರನ್ಸ್ ಅವರ ಪದ್ಧತಿ, ಅವರು 45 ವರ್ಷ ಹೀಗೇ ಮಾಡಿದರು ಅಂದಳು. ಹೇಳುವಾಗ ಅವಳ ದನಿಯಲ್ಲಿ ಭಕ್ತಿ ಇತ್ತು. ಚಾಪೆಲ್ ಹಿಲ್ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಅಂದಿನಿಂದ ಈ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಒಂದೊಂದು ದಿನ ಒಂದೊಂದು ಅಭಿಪ್ರಾಯ ಬರುತ್ತದೆ.

ಬಾಂಬೆಯಲ್ಲಿ ಹುಟ್ಟಿದವರು

ಮೊದಲು ಕಣ್ಣಿಗೆ ಬಿದ್ದದ್ದು ಅವರು ಹುಟ್ಟಿದ ಊರು. 1951ರ ಏಪ್ರಿಲ್, ಬಾಂಬೆ. ಅಪ್ಪನದು ತೈಲ ಕಂಪನಿಯ ಕೆಲಸ. ಹಾಗಾಗಿ ಮಗ ಬೆಳೆದದ್ದು ಕೀನ್ಯಾ, ಇಥಿಯೋಪಿಯಾ, ಸಿಂಗಾಪುರ ಅಂತ ಊರೂರು ತಿರುಗುತ್ತಾ. ಹೋದಲ್ಲೆಲ್ಲ ಇದ್ದ ಆಟ ಫುಟ್‌ಬಾಲ್. ಅಮೆರಿಕನ್ ಆಗಿದ್ದರೂ ಅಮೆರಿಕದಲ್ಲಿ ನೆಲೆ ನಿಂತದ್ದು ಕಾಲೇಜಿಗೆ ಬಂದ ಮೇಲೆಯೇ. ಈ ಬಾಂಬೆ ವಿಷಯ ಹೇಳಿದಾಗ ಮೈಸೂರಿನವರು, 'ಹಾಗಾದ್ರೆ ನಮ್ಮವರೇ ಬಿಡಿ' ಅಂತ ತೀರ್ಪು ಕೊಟ್ಟುಬಿಟ್ಟರು. ನಮ್ಮವರು ಅನ್ನುವುದಕ್ಕೆ ನಮಗೆ ಇಷ್ಟು ಸಾಕು.

ಚಾಪೆಲ್ ಹಿಲ್‌ನಲ್ಲಿರುವ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲೈನಾದಲ್ಲಿ ಆಡಿ, 1974ರಲ್ಲಿ ಇಂಗ್ಲಿಷ್ ಮತ್ತು ಫಿಲಾಸಫಿ ಓದಿ ಮುಗಿಸಿದರು. ಆಮೇಲೆ ಲಾ ಸೇರಿದರು. ಲಾ ಓದುತ್ತಿರುವಾಗಲೇ, 1977ರಲ್ಲಿ, ಯೂನಿವರ್ಸಿಟಿಯ ಗಂಡು ಹುಡುಗರ ತಂಡಕ್ಕೆ ಕೋಚ್ ಆದರು. ಆಗ 26 ವಯಸ್ಸು. ಹೆಣ್ಣುಮಕ್ಕಳ ತಂಡ ಅಂತ ಒಂದು ಅಧಿಕೃತವಾಗಿ ಇರಲೇ ಇಲ್ಲ. ಕೆಲವು ಹುಡುಗಿಯರು ತಾವೇ ಕ್ಲಬ್ ಕಟ್ಟಿಕೊಂಡು ಆಡುತ್ತಿದ್ದರು. ನಮ್ಮನ್ನೂ ಯೂನಿವರ್ಸಿಟಿಯ ತಂಡ ಅಂತ ಒಪ್ಪಿಕೊಳ್ಳಿ ಅಂತ ಅವರೇ ಹೋಗಿ ಕೇಳಿದರು. ಅಥ್ಲೆಟಿಕ್ ಡೈರೆಕ್ಟರ್ ಆಗಿದ್ದ ಬಿಲ್ ಕೋಬಿ, ಇವರ ಆಟ ಹೇಗಿದೆ ನೋಡಿಕೊಂಡು ಬಾ ಅಂತ ಡೋರನ್ಸ್ ಅವರನ್ನು ಕಳಿಸಿದರು. ಚೆನ್ನಾಗಿ ಆಡುತ್ತಾರೆ, ಕೊಡಿ ಅಂದರು. ಸರಿ, ಹಾಗಾದರೆ ನೀನೇ ನೋಡಿಕೋ ಅಂತ ಆಯಿತು. 1979ರಲ್ಲಿ ತಂಡ ಶುರು. ಲಾ ಓದು ಅಲ್ಲಿಗೇ ನಿಂತಿತು. 1988ರ ತನಕ ಹುಡುಗರ ತಂಡ, ಹುಡುಗಿಯರ ತಂಡ ಎರಡನ್ನೂ ಒಬ್ಬರೇ ನಡೆಸಿದರು.

ಇದೆಲ್ಲದರ ಹಿಂದೆ ಒಂದು ಕಾನೂನು ಇತ್ತು ಅನ್ನುವುದನ್ನು ಮರೆಯಬಾರದು. ಸರ್ಕಾರದ ದುಡ್ಡು ಪಡೆಯುವ ಶಾಲೆ ಕಾಲೇಜುಗಳಲ್ಲಿ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಎಂಬ 1972ರ ಟೈಟಲ್ ನೈನ್. ಅದು ಇಲ್ಲದಿದ್ದರೆ ಆ ಹುಡುಗಿಯರ ಅರ್ಜಿ ಯಾವುದೋ ಡ್ರಾಯರಿನಲ್ಲಿ ಇರುತ್ತಿತ್ತು. ಡೋರನ್ಸ್ ಅವರ ಕಥೆಯನ್ನು ಒಬ್ಬ ಮಹಾನುಭಾವನಿಂದ ಶುರುಮಾಡುವವರು ಜಾಸ್ತಿ. ನನಗೆ ಆ ಅರ್ಜಿ ಬರೆದವರಿಂದ ಶುರುಮಾಡುವುದು ಸರಿ ಅನ್ನಿಸುತ್ತದೆ.

ಆಮೇಲಿನ ಲೆಕ್ಕ ನಂಬುವ ಹಾಗಿಲ್ಲ. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಹೆಣ್ಣುಮಕ್ಕಳ ಸಾಕರ್ ಚಾಂಪಿಯನ್‌ಶಿಪ್ ಶುರುಮಾಡಿದ್ದು 1982ರಲ್ಲಿ. ಮೈಕಲ್ ಜೋರ್ಡನ್ ಇದೇ ಯೂನಿವರ್ಸಿಟಿಗೆ ಬಾಸ್ಕೆಟ್‌ಬಾಲ್ ಕಪ್ ಗೆದ್ದುಕೊಟ್ಟದ್ದೂ ಅದೇ ವರ್ಷ. ಆ 1982ರಿಂದ 1994ರ ತನಕ 13 ಚಾಂಪಿಯನ್‌ಶಿಪ್, ಅದರಲ್ಲಿ 12 ಇವರದೇ. ತಪ್ಪಿದ್ದು 1985 ಒಂದು ಮಾತ್ರ. 1990ರಿಂದ 1994ರ ನಡುವೆ ಸತತ 92 ಗೆಲುವು. ಒಟ್ಟು 21 ಎನ್‌ಸಿಎಎ ಕಪ್, ಅದಕ್ಕೂ ಮೊದಲು 1981ರಲ್ಲಿ ಬೇರೆ ಸಂಸ್ಥೆ ನಡೆಸಿದ ಇನ್ನೊಂದು ಕಪ್. ಹೌದು, 1982ರ ಟೂರ್ನಿಯಲ್ಲಿ ಇದ್ದದ್ದು 12 ತಂಡ. ಈಗ 64. ಎದುರಾಳಿಗಳೇ ಇಲ್ಲದ ಕಾಲದಲ್ಲಿ ಗೆದ್ದದ್ದು ಏನು ದೊಡ್ಡ ವಿಷಯ ಅನ್ನುವವರಿದ್ದಾರೆ. ಆದರೆ 1991ರಲ್ಲಿ ಚೀನಾದಲ್ಲಿ ಹೆಣ್ಣುಮಕ್ಕಳ ಮೊದಲ ವಿಶ್ವಕಪ್ ನಡೆದಾಗ ಅಮೆರಿಕ ತಂಡದ ಕೋಚ್ ಕೂಡ ಇವರೇ. ತಂಡದ ಅರ್ಧದಷ್ಟು ಜನ ಇವರ ಕಾಲೇಜಿನವರು. ಗುವಾಂಗ್‌ಝೌನಲ್ಲಿ ಫೈನಲ್, ನಾರ್ವೆ ಎದುರು 2-1, ಎರಡೂ ಗೋಲು ಮಿಶೆಲ್ ಏಕರ್ಸ್. ಅದಕ್ಕೆ ಎದುರಾಳಿ ಇರಲಿಲ್ಲ ಅನ್ನಲಾಗದು.

ಪಟ್ಟಿ ಎಲ್ಲಿಂದ ಬಂತು

ಚಾಪೆಲ್ ಹಿಲ್ ಮೊದಲಿಂದ ಬಾಸ್ಕೆಟ್‌ಬಾಲ್ ಊರು. ಅಲ್ಲಿನ ಬಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಅವರ ಪ್ರಾಕ್ಟೀಸ್ ನಿಮಿಷ ನಿಮಿಷಕ್ಕೂ ಲೆಕ್ಕ ಇಟ್ಟು ನಡೆಯುತ್ತಿತ್ತು. ಬದಿಯಲ್ಲಿ ನಿಂತ ಹುಡುಗರು ಯಾರು ಏನು ಮಾಡಿದರು ಅಂತ ಬರೆದುಕೊಳ್ಳುತ್ತಿದ್ದರು. ಡೋರನ್ಸ್ ಅದನ್ನು ನೋಡಿಬಂದು ತಮ್ಮ ಹುಡುಗಿಯರ ಮೇಲೆ ಪ್ರಯೋಗ ಮಾಡಿದರು. ಪ್ರಾಕ್ಟೀಸಿನ ಪ್ರತಿ ಆಟದಲ್ಲೂ ಗೆದ್ದವರು, ಸೋತವರು. ಎಲ್ಲವನ್ನೂ ಬರೆದು, ರ್ಯಾಂಕ್ ಮಾಡಿ, ಗೋಡೆಗೆ ಅಂಟಿಸುವುದು. ಕಾಂಪಿಟಿಟಿವ್ ಕಾಲ್ಡ್ರನ್ ಅಂತ ಇದು ಹೆಸರಾಯಿತು. ಕುದಿಯುವ ಕೊಪ್ಪರಿಗೆ.

ಅವರ ವಾದ ಇಷ್ಟು. ಹುಡುಗರು ಪ್ರಾಕ್ಟೀಸಿನಲ್ಲಿ ಗೆಳೆಯನನ್ನು ಬೀಳಿಸಿ ಆಮೇಲೆ ಹೆಗಲ ಮೇಲೆ ಕೈ ಹಾಕಿಕೊಂಡು ಊಟಕ್ಕೆ ಹೋಗುತ್ತಾರೆ. ಹುಡುಗಿಯರಿಗೆ ಚಿಕ್ಕಂದಿನಿಂದ ಹಾಗೆ ಕಲಿಸಿಲ್ಲ. ಗೆಳತಿಯನ್ನು ಸೋಲಿಸಿದರೆ ಎಲ್ಲಿ ಗೆಳೆತನ ಕೆಡುತ್ತದೋ ಅಂತ ಕಾಲು ಹಿಂದೆ ತೆಗೆಯುತ್ತಾರೆ. ಅವರಿಗೆ, ಇಲ್ಲಿ ನೀನು ನುಗ್ಗಬಹುದು, ಇದು ಆಟದ ಭಾಗ, ಯಾರೂ ನಿನ್ನನ್ನು ಗಯ್ಯಾಳಿ ಅನ್ನುವುದಿಲ್ಲ ಅಂತ ಒಂದು ಒಪ್ಪಿಗೆ ಬೇಕು. ಗೋಡೆಯ ಪಟ್ಟಿ ಆ ಒಪ್ಪಿಗೆ.

ಈ ಮಾತನ್ನು ಓದಿದಾಗ ನನಗೆ ಸಿಟ್ಟೂ ಬಂತು, ಒಪ್ಪಿಗೆಯೂ ಆಯಿತು. ಹುಡುಗಿಯರು ಹೀಗೆ, ಹುಡುಗರು ಹಾಗೆ ಅಂತ ಒಬ್ಬ ಗಂಡಸು ಕೂತು ಭಾಗ ಮಾಡುವುದು ಸಿಟ್ಟಿಗೆ ಕಾರಣ. ಅವರ ಇನ್ನೊಂದು ಮಾತೂ ಅದೇ ಧಾಟಿಯದು. ಹುಡುಗರಿಗೆ ತಪ್ಪು ಮಾಡಿದ್ದಾರೆ ಅಂತ ಸಾಬೀತು ಮಾಡುವುದಕ್ಕೇ ವಿಡಿಯೋ ಬೇಕು, ಹುಡುಗಿಯರು ಹೇಗೂ ತಪ್ಪೆಲ್ಲ ತಮ್ಮದೇ ಅಂದುಕೊಂಡಿರುತ್ತಾರೆ, ಅವರಿಗೆ ಚೆನ್ನಾಗಿ ಆಡಿದ್ದನ್ನು ತೋರಿಸಬೇಕು ಅನ್ನುವುದು. ಒಪ್ಪಿಗೆ ಯಾಕೆ ಅಂದರೆ, ನಮ್ಮ ಕಾಲೇಜಿನ ಮೈದಾನ ನೆನಪಾಯಿತು.

ನಮ್ಮ ಪಿಡಿ ಸರ್

ಅರಸೀಕೆರೆ ಕಡೆಯ ನಮ್ಮ ಕಾಲೇಜಿನಲ್ಲಿ ಕೋಚ್ ಅನ್ನುವ ಹುದ್ದೆ ಇರಲಿಲ್ಲ. ಫಿಸಿಕಲ್ ಡೈರೆಕ್ಟರ್ ಇದ್ದರು. ಪಿಡಿ ಸರ್. ಕೊರಳಿಗೆ ಸೀಟಿ, ಸೊಂಟದಲ್ಲಿ ಸ್ಪೋರ್ಟ್ಸ್ ರೂಮಿನ ಬೀಗದ ಕೈ. ಖೋಖೋಗೂ ಅವರೇ, ವಾಲಿಬಾಲಿಗೂ ಅವರೇ, ಆಗಸ್ಟ್ 15ರ ಮಾರ್ಚ್‌ಪಾಸ್ಟಿಗೂ ಅವರೇ. ಗೇಟಿನಲ್ಲಿ ನಿಂತು ತಡವಾಗಿ ಬಂದವರನ್ನು ಹಿಡಿಯುವುದೂ ಅವರೇ. ಹುಡುಗಿಯರಿಗೆ ಅಂತ ಇದ್ದದ್ದು ಥ್ರೋಬಾಲ್ ಮತ್ತು ರಿಂಗ್. ಫುಟ್‌ಬಾಲ್ ಹುಡುಗರದು, ಅದರಲ್ಲಿ ಚರ್ಚೆಯೇ ಇಲ್ಲ. ಖೋಖೋ ತಂಡಕ್ಕೆ ಮಾತ್ರ ಸರ್ ನಮ್ಮನ್ನು ಪಟ್ಟು ಹಿಡಿದು ಸೇರಿಸಿಕೊಂಡರು.

ಒಂದು ಸಂಜೆ ಚೆನ್ನಾಗಿ ನೆನಪಿದೆ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಮೊದಲು ನಮ್ಮನಮ್ಮಲ್ಲೇ ಆಡಿಸುತ್ತಿದ್ದರು. ನಾನು ಓಡಿಸಬೇಕಾದದ್ದು ನನ್ನ ಜೀವದ ಗೆಳತಿಯನ್ನು. ದಿನಾ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಬರುತ್ತಿದ್ದವರು ನಾವು. ಅವಳು ಕಂಬದ ಹತ್ತಿರ ತಿರುಗುವಾಗ ಜಾರಿದಳು. ಕೈ ಚಾಚಿದ್ದರೆ ಸಾಕಿತ್ತು. ನಾನು ಚಾಚಲಿಲ್ಲ, ಸುಮ್ನೆ ಹಾಗೇ ದಾಟಿ ಹೋದೆ. ಪಿಡಿ ಸರ್ ಸೀಟಿ ಊದಿ ಆಟ ನಿಲ್ಲಿಸಿದರು. ಬೈಯುತ್ತಾರೆ ಅಂದುಕೊಂಡೆ. 'ಏನಮ್ಮಾ, ಅವಳು ನಿಮ್ಮ ಮನೆ ಮಗಳೇನೋ ಸರಿ. ನಾಳೆ ಹಾಸನದವರೂ ಹಂಗೇ ಬಿಡ್ತಾರೆ ಅಂತ ಅವಳು ತಿಳ್ಕೊಂಡ್ರೆ ಏನ್ ಮಾಡ್ತೀಯಾ?' ಅಂದರು. ಅಷ್ಟೇ. ಮತ್ತೆ ಸೀಟಿ. ಡೋರನ್ಸ್ ಗೋಡೆಗೆ ಪಟ್ಟಿ ಅಂಟಿಸಿ ಹೇಳಿದ್ದನ್ನೇ ನಮ್ಮ ಸರ್ ಒಂದು ಮಾತಿನಲ್ಲಿ ಹೇಳಿದ್ದರು ಅಂತ ಈಗ ಅನ್ನಿಸುತ್ತದೆ. ಅವರ ಹತ್ತಿರ ಗೋಡೆಯೂ ಇರಲಿಲ್ಲ, ಬರೆದುಕೊಳ್ಳುವ ಹುಡುಗರೂ ಇರಲಿಲ್ಲ. ಎರಡು ವರ್ಷಕ್ಕೆ ಟ್ರಾನ್ಸ್‌ಫರ್ ಆಗಿ ಹೋದರು. ಅವರು ಎಷ್ಟು ಪಂದ್ಯ ಗೆದ್ದರು ಅಂತ ಲೆಕ್ಕ ಇಟ್ಟವರು ಯಾರೂ ಇಲ್ಲ.

ಹಾಗಾದರೆ ಸಿಇಟಿ ಪಟ್ಟಿ ಮಾತ್ರ ನನಗೆ ಯಾಕೆ ಅಷ್ಟು ಭಯ? ಬಹಳ ಯೋಚಿಸಿದ ಮೇಲೆ ಎರಡು ವ್ಯತ್ಯಾಸ ಹೊಳೆಯಿತು. ಒಂದು, ಚಾಪೆಲ್ ಹಿಲ್‌ನ ಪಟ್ಟಿ ಒಂದು ದಿನದ್ದಲ್ಲ. ಇವತ್ತು ಹೆಡ್ಡಿಂಗಿನಲ್ಲಿ ಕೊನೆಯವಳು ನಾಳೆ ಓಟದಲ್ಲಿ ಮೊದಲನೆಯವಳು. ನಮ್ಮದು ಒಂದೇ ಸಲ, ಒಂದೇ ಸಂಖ್ಯೆ, ಅದನ್ನು ಹಿಡಿದೇ ಮದುವೆ ಮಾತುಕತೆ ತನಕ ಹೋಗುತ್ತದೆ. ಎರಡನೆಯದು ಇನ್ನೂ ಮುಖ್ಯ. ನಮಗೆ ರ್ಯಾಂಕ್ ಕೊಟ್ಟವರು ನಮ್ಮ ಮುಖ ನೋಡಿರಲಿಲ್ಲ. ಡೋರನ್ಸ್ ಅಷ್ಟೆಲ್ಲ ಸಂಖ್ಯೆ ಗೋಡೆಗೆ ಹಚ್ಚಿದ ಮೇಲೂ, ಕೊನೆಯ ವರ್ಷದ ಪ್ರತಿ ಹುಡುಗಿಗೂ ಒಂದೊಂದು ಪತ್ರ ಬರೆಯುತ್ತಿದ್ದರು. ದೊಡ್ಡ ಫೈನಲ್ಲಿಗೆ ಮೊದಲು ಆ ಪತ್ರಗಳನ್ನು ತಂಡದ ಮುಂದೆ ಓದುತ್ತಿದ್ದರು. ನೀನು ಎಂಥವಳು, ಈ ನಾಲ್ಕು ವರ್ಷ ನಮಗೆ ಏನು ಕೊಟ್ಟೆ ಅಂತ. ಅದರಲ್ಲಿ ಬೆಂಚಿನ ಮೇಲೇ ಕಾಲ ಕಳೆದ ಹುಡುಗಿಯೂ ಇರುತ್ತಿದ್ದಳು. ಓದುವ ಹೊತ್ತಿಗೆ ಅರ್ಧ ತಂಡ ಅಳುತ್ತಿತ್ತಂತೆ. ಅಳುತ್ತಲೇ ಹೋಗಿ ಆಡುತ್ತಿದ್ದರು.

ಅಮೆರಿಕದ ಹೆಸರಾಂತ ಸಾಕರ್ ಆಟಗಾರ್ತಿ ಮಿಯಾ ಹ್ಯಾಮ್ ಬಗ್ಗೆ ಇಲ್ಲಿ ಎಲ್ಲರಿಗೂ ಬಾಯಿಪಾಠ ಆಗಿರುವ ಒಂದು ಕಥೆಯಿದೆ. ಅವಳನ್ನು 14ನೇ ವಯಸ್ಸಿನಲ್ಲಿ ಟೆಕ್ಸಾಸಿನಲ್ಲಿ ನೋಡಿ ಗುರುತಿಸಿದವರು ಡೋರನ್ಸ್. 15ಕ್ಕೆ ದೇಶದ ತಂಡದಲ್ಲಿ ಆಡಿದಳು. 1989ರಲ್ಲಿ ಇವರ ಕಾಲೇಜಿಗೇ ಬಂದಳು. ಒಂದು ಬೆಳಿಗ್ಗೆ ಇವರು ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರೆ, ಪಾರ್ಕಿನಲ್ಲಿ ಒಬ್ಬಳೇ ಓಡಿ ಓಡಿ, ಬಗ್ಗಿ ನಿಂತು, ಬೆವರು ಸುರಿಸುತ್ತಿರುವ ಹುಡುಗಿ ಕಂಡಳು. ನೋಡಿದರೆ ಮಿಯಾ. ನಿಲ್ಲಿಸಿ ಮಾತಾಡಿಸಲಿಲ್ಲ. ಆಫೀಸಿಗೆ ಹೋಗಿ, ಯಾರೂ ನೋಡದಿರುವಾಗ ಹೀಗೆ ದುಡಿಯುವವಳೇ ಚಾಂಪಿಯನ್ ಅನ್ನುವ ಅರ್ಥದ ಒಂದು ಚೀಟಿ ಬರೆದು ಕಳಿಸಿದರು. ಈಗ ಆ ಸಾಲು ಪ್ರತಿ ಕ್ಲಬ್ಬಿನ ಟೀಶರ್ಟಿನ ಬೆನ್ನ ಮೇಲಿದೆ. ಟೀಶರ್ಟ್ ನೋಡಿ ನನಗೆ ಬೇಜಾರು. ಚೀಟಿಯ ಬಗ್ಗೆ ಬೇಜಾರಿಲ್ಲ.

ನ್ಯಾಯಾಲಯದ ಕಡತ

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಕಥೆಯೇ. ಕ್ಲಬ್ಬಿನ ಆ ಎಳೆಯ ಕೋಚ್ ನನಗೆ ಹೇಳಿದ್ದೂ ಇಷ್ಟೇ. ಮುಂದಿನದನ್ನು ನಾನೇ ಹುಡುಕಿ ಓದಿಕೊಳ್ಳಬೇಕಾಯಿತು.

1998ರಲ್ಲಿ ತಂಡದ ಇಬ್ಬರು ಹಳೆಯ ಆಟಗಾರ್ತಿಯರು ಡೋರನ್ಸ್ ಮೇಲೂ ಯೂನಿವರ್ಸಿಟಿಯ ಮೇಲೂ ಲೈಂಗಿಕ ಕಿರುಕುಳದ ಕೇಸು ಹಾಕಿದರು. ಹುಡುಗಿಯರ ಖಾಸಗಿ ಬದುಕಿನ ಬಗ್ಗೆ, ಯಾರ ಜೊತೆ ಸಂಬಂಧ ಎನ್ನುವುದರ ಬಗ್ಗೆ ಕೆದಕಿ ಕೇಳುತ್ತಿದ್ದರು, ಪ್ರಾಕ್ಟೀಸಿನಲ್ಲೇ ಅಂಥ ಮಾತು ಆಡುತ್ತಿದ್ದರು ಎನ್ನುವುದು ಆರೋಪ. ಕಿರುಕುಳ ಕೊಟ್ಟಿಲ್ಲ ಅಂತ ಡೋರನ್ಸ್ ನಿರಾಕರಿಸಿದರು. ತಂಡದ ಬಹಳಷ್ಟು ಮಂದಿ ಅವರ ಪರ ನಿಂತರು. 2004ರಲ್ಲಿ ಒಬ್ಬರ ಜೊತೆ ರಾಜಿ ಆಯಿತು. ತಮಾಷೆ, ಛೇಡಿಕೆಯ ಮಾತುಗಳಲ್ಲಿ ತಾವೂ ಸೇರಿಕೊಂಡಿದ್ದು ಹೌದು ಅಂತ ಡೋರನ್ಸ್ ಬರೆದುಕೊಟ್ಟು ಕ್ಷಮೆ ಕೇಳಿದರು. ಇನ್ನೊಬ್ಬರ ಕೇಸು ಕೆಳಗಿನ ಕೋರ್ಟಿನಲ್ಲಿ ಬಿದ್ದುಹೋಗಿತ್ತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಅದಕ್ಕೆ ಮತ್ತೆ ಜೀವ ಕೊಟ್ಟಿತು. ವಿಚಾರಣೆಗೆ ಹೋಗುವ ಮೊದಲೇ, 2008ರ ಜನವರಿಯಲ್ಲಿ, ಯೂನಿವರ್ಸಿಟಿ 3,85,000 ಡಾಲರಿಗೆ ರಾಜಿ ಮಾಡಿಕೊಂಡಿತು. ಅವರು ಕೋಚ್ ಆಗಿಯೇ ಮುಂದುವರಿದರು. ಅದೇ ವರ್ಷದ ಕೊನೆಗೆ ಇನ್ನೊಂದು ಎನ್‌ಸಿಎಎ ಕಪ್ ಗೆದ್ದರು.

ಇದನ್ನು ಓದಿದ ರಾತ್ರಿ ಗೋಡೆಯ ಪಟ್ಟಿ ನನಗೆ ಬೇರೆ ಥರ ಕಾಣತೊಡಗಿತು. ಸಂಖ್ಯೆ ಸುಳ್ಳು ಹೇಳುವುದಿಲ್ಲ, ಪಕ್ಷಪಾತ ಇಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಶನಿವಾರ ಯಾರು ಆಡಬೇಕು ಅನ್ನುವುದು ಪಟ್ಟಿಯ ಕೈಯಲ್ಲಿಲ್ಲ, ಕೋಚಿನ ಕೈಯಲ್ಲಿದೆ. ಇನ್ನೂ ಒಂದು ವಿಷಯ. ಆ ಕಾಲದಲ್ಲಿ ಎನ್‌ಸಿಎಎ ನಿಯಮದ ಪ್ರಕಾರ ಆಟದ ಸ್ಕಾಲರ್‌ಶಿಪ್ ಒಂದು ವರ್ಷಕ್ಕೆ ಮಾತ್ರ. ಪ್ರತಿ ವರ್ಷ ನವೀಕರಣ ಆಗಬೇಕು. 2012ರ ತನಕ ಹೀಗೇ ಇತ್ತು. ಅಂದರೆ ಹುಡುಗಿಯ ಆಟ, ಓದು, ಫೀಸು, ಹಾಸ್ಟೆಲ್, ಮುಂದೆ ದೇಶದ ತಂಡದ ದಾರಿ ಎಲ್ಲವೂ ಒಬ್ಬ ಮನುಷ್ಯ ತಲೆಯಾಡಿಸುವುದರ ಮೇಲೆ. 1986ರಿಂದ 1994ರ ತನಕವಂತೂ ದೇಶದ ತಂಡದ ಕೋಚ್ ಕೂಡ ಅದೇ ಮನುಷ್ಯ. ಇಂಥವರು ಖಾಸಗಿ ವಿಷಯ ಕೆದಕಿದರೆ 18 ವರ್ಷದ ಹುಡುಗಿ ಏನು ಹೇಳಬೇಕು? ನಗಬೇಕು, ಅಷ್ಟೇ. ಎಲ್ಲರೂ ನಗುತ್ತಿದ್ದರು ಅನ್ನುವುದನ್ನೇ ಆಮೇಲೆ ಎಲ್ಲರೂ ಒಪ್ಪಿದ್ದರು ಅಂತ ಓದಿಕೊಳ್ಳುತ್ತಾರೆ. ತಂಡದ ನೀತಿಗಳನ್ನು ಹುಡುಗಿಯರು ಬಾಯಿಪಾಠ ಮಾಡಬೇಕಿತ್ತು. ಅದರಲ್ಲಿ ಮೊದಲನೆಯದು ಗೊಣಗಬಾರದು ಅಂತ. ಹುಲ್ಲು ಒದ್ದೆ, ರೆಫರಿ ಸರಿ ಇಲ್ಲ ಅಂತ ಗೊಣಗಬಾರದು ಅನ್ನುವುದು ಒಳ್ಳೆಯದೇ. ಆದರೆ ಗೊಣಗುವುದು ಯಾವುದು, ದೂರು ಯಾವುದು ಅಂತ ಯಾರು ತೀರ್ಮಾನಿಸುತ್ತಾರೆ?

ಹತ್ತಿರ ಇರುವುದೇ ಆ ಮನುಷ್ಯನ ಶಕ್ತಿ. ಪತ್ರ ಬರೆಯುವುದಕ್ಕೆ ಹತ್ತಿರ ಇರಬೇಕು. ಕೆದಕುವುದಕ್ಕೂ ಹತ್ತಿರ ಇರಬೇಕು. ಅವರ ಅಭಿಮಾನಿಗಳು ಪತ್ರ ಮಾತ್ರ ಹೇಳುತ್ತಾರೆ, ವಿರೋಧಿಗಳು ಕೇಸು ಮಾತ್ರ ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಹಿಡಿದು ನೋಡಿದಾಗ ನನಗೆ ಕಾಣುವುದು ಆ ವಯಸ್ಸಿನ ಮಕ್ಕಳ ಮೇಲೆ ಒಬ್ಬರಿಗೆ ಇಷ್ಟು ಹಿಡಿತ ಕೊಟ್ಟು, ಕಪ್ ಬರುತ್ತಿರುವಷ್ಟು ಕಾಲ ಯಾರೂ ಬಾಗಿಲು ತಟ್ಟದ ಒಂದು ಸಂಸ್ಥೆ. ಇದು ಅಮೆರಿಕದ ಕಾಯಿಲೆ ಮಾತ್ರ ಅಂತ ನಾವು ಹೇಳುವ ಹಾಗಿಲ್ಲ. ನಮ್ಮ ದೇಶದಲ್ಲೂ ಕುಸ್ತಿಪಟು ಹೆಣ್ಣುಮಕ್ಕಳು 2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತದ್ದನ್ನು ನೋಡಿದ್ದೇವಲ್ಲ.

ಹದಿನಾರು ಸೆಕೆಂಡು

ಪಟ್ಟಿ ಬರುವುದಕ್ಕೆ ಬಹಳ ಮೊದಲು ಒಮ್ಮೆ ಅವರನ್ನು ದೂರದಿಂದ ನೋಡಿದ್ದೆ. 2022ರ ಡಿಸೆಂಬರ್ 5. ನಮ್ಮ ಊರಿನ ವೇಕ್‌ಮೆಡ್ ಸಾಕರ್ ಪಾರ್ಕಿನಲ್ಲೇ ಎನ್‌ಸಿಎಎ ಫೈನಲ್, ನಾರ್ತ್ ಕೆರೊಲೈನಾ ಎದುರು ಕ್ಯಾಲಿಫೋರ್ನಿಯಾದ ಯುಸಿಎಲ್‌ಎ. ಸೋಮವಾರ ರಾತ್ರಿ. ಮರುದಿನ ಸ್ಕೂಲಿದೆ ಅಂತ ನಾನು, ಇಡೀ ತಂಡ ಹೋಗುತ್ತಿದೆ ಅಂತ ಮಗಳು. ಅವಳೇ ಗೆದ್ದಳು. ಎರಡು ಜೊತೆ ಕಾಲುಚೀಲ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ. ಸ್ಟ್ಯಾಂಡ್ ತುಂಬಾ ನಾರ್ತ್ ಕೆರೊಲೈನಾದ ತಿಳಿನೀಲಿ.

ಕಾಲೇಜು ಸಾಕರಿನಲ್ಲಿ ಗಡಿಯಾರ ಉಲ್ಟಾ ಓಡುತ್ತದೆ. ಟಿವಿಯಲ್ಲಿ ಯುರೋಪಿನ ಆಟ ನೋಡಿದವರಿಗೆ ಇದು ವಿಚಿತ್ರ. 45 ನಿಮಿಷದಿಂದ ಇಳಿಯುತ್ತಾ ಸೊನ್ನೆಗೆ ಬರುತ್ತದೆ, ಸೊನ್ನೆ ಆದರೆ ಮುಗಿಯಿತು. ಇಂಜುರಿ ಟೈಮ್ ಅಂತ ರೆಫರಿ ಜೇಬಿನಲ್ಲಿ ಇಟ್ಟುಕೊಳ್ಳುವುದು ಏನೂ ಇಲ್ಲ. ಏವ್ರಿ ಪ್ಯಾಟರ್ಸನ್ ಎರಡು ಗೋಲು ಹೊಡೆದು ನಾರ್ತ್ ಕೆರೊಲೈನಾ 2-0 ಮುಂದಿತ್ತು. ಹತ್ತು ನಿಮಿಷ ಉಳಿದಿರುವಾಗ ಯುಸಿಎಲ್‌ಎ ಒಂದು ಹೊಡೆಯಿತು. ಪರವಾಗಿಲ್ಲ ಅಂದುಕೊಂಡೆವು. ಮುಂದಿನ ಸಾಲಿನವರು ಎದ್ದು ಕಂಬಳಿ ಮಡಚತೊಡಗಿದರು. ಬೋರ್ಡಿನಲ್ಲಿ ಕೊನೆಯ ನಿಮಿಷ ಇಳಿಯುತ್ತಿತ್ತು. ಜನ ಜೋರಾಗಿ ಎಣಿಸಲು ಶುರುಮಾಡುವ ಹೊತ್ತು. ಯುಸಿಎಲ್‌ಎಗೆ ಕಾರ್ನರ್ ಸಿಕ್ಕಿತು. ಚೆಂಡು ಮೇಲೆ ಬಂತು, ರೀಲಿನ್ ಟರ್ನರ್ ತಲೆ ಕೊಟ್ಟಳು. ಗೋಲು. ಗಡಿಯಾರ ನಿಂತಿತು. 16 ಸೆಕೆಂಡು. ಅದು ಬೋರ್ಡಿನ ಮೇಲೆ ಹಾಗೇ ನಿಂತಿತ್ತು, ಯಾರೂ ಕಣ್ಣು ಕೀಳಲಿಲ್ಲ. ಎಕ್ಸ್‌ಟ್ರಾ ಟೈಮಿನಲ್ಲಿ ಇನ್ನೊಂದು ಬಿತ್ತು, 3-2. ಗೆದ್ದ ತಂಡದ ಕೋಚ್ ಮಾರ್ಗರೀಟ್ ಅಯೋಝಾಸಾಗೆ ಅದು ಹೆಡ್ ಕೋಚ್ ಆಗಿ ಮೊದಲ ವರ್ಷ. ಸೋತವರಿಗೆ 44ನೇ ವರ್ಷ.

ಮಗಳ ಮೂಗು ಕೆಂಪಾಗಿತ್ತು, ಚಳಿಗೋ ಅಳುವಿಗೋ ಗೊತ್ತಿಲ್ಲ. 'ಅಮ್ಮಾ, ಆ ತಾತ ಈಗ ಅವರಿಗೆ ಏನ್ ಹೇಳ್ತಾರೆ?' ಅಂದಳು. ತಾತ ಅನ್ನುವ ಮಾತು ಸರಿಯಾಗಿತ್ತು. ಅವರಿಗೆ ಆಗ 71. ನಮಗೆ ಕಂಡದ್ದು ಬೆಂಚಿನ ಹತ್ತಿರ ನಿಂತ ಒಂದು ಕೋಟು ಮಾತ್ರ. ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಪತ್ರಗಳ ವಿಷಯ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ, ಅವರು ಹೇಳಬೇಕಾದದ್ದನ್ನು ಆಟಕ್ಕೆ ಮೊದಲೇ ಹೇಳಿ ಆಗಿರಬಹುದು ಕಣೇ ಅಂತಿದ್ದೆ.

ಅವರಿಗೆ ಕೊನೆಯ ಕಪ್ ಬಂದದ್ದು 2012ರಲ್ಲಿ. ಆಮೇಲೆ 2018, 2019, 2022, ಮೂರು ಫೈನಲ್, ಮೂರೂ ಸೋಲು. 2023ರ ಕ್ವಾರ್ಟರ್ ಫೈನಲ್ಲಿನಲ್ಲಿ ಬ್ರಿಗ್‌ಹ್ಯಾಮ್ ಯಂಗ್ ಯೂನಿವರ್ಸಿಟಿ ಎದುರು ಅರ್ಧ ಆಟಕ್ಕೆ 3-0 ಮುಂದಿದ್ದು 4-3 ಸೋತರು. ಅದೇ ಅವರ ಕೊನೆಯ ಆಟ ಆಯಿತು. ಅಷ್ಟರಲ್ಲಿ ಲೋಕವೇ ಬದಲಾಗಿತ್ತು. ಈಗ ಆಟಗಾರರು ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರು ಹಾಕಿ ಕಾಲೇಜು ಬದಲಿಸಬಹುದು, ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು, ನಾಲ್ಕು ವರ್ಷ ಕಾಯದೆ ಪ್ರೊಫೆಷನಲ್ ಆಗಬಹುದು. 2024ರ ಜನವರಿಯಲ್ಲಿ ಪ್ರೊಫೆಷನಲ್ ಲೀಗಿನ ಡ್ರಾಫ್ಟಿನಲ್ಲಿ ಮೊದಲು ಹೋದ ಆಲಿ ಸೆಂಟ್ನರ್, ಎರಡನೆಯವಳಾಗಿ ಹೋದ ಸೇವಿ ಕಿಂಗ್ ಇಬ್ಬರೂ ಚಾಪೆಲ್ ಹಿಲ್‌ನವರೇ. ಕಿಂಗ್ ಅಲ್ಲಿ ಇದ್ದದ್ದು ಒಂದೇ ಸೀಸನ್. ಹುಡುಗಿಯರ ದೃಷ್ಟಿಯಿಂದ ಇದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಕೋಚ್ ಸರಿ ಇಲ್ಲ ಅಂದರೆ ಗಂಟುಮೂಟೆ ಕಟ್ಟಬಹುದು. ಆದರೆ ಮೊದಲನೇ ವರ್ಷ ಬೈದು, ಎರಡನೇ ವರ್ಷ ತಿದ್ದಿ, ನಾಲ್ಕನೇ ವರ್ಷ ಪತ್ರ ಬರೆಯುವ ಕೋಚಿಗೆ ಇಲ್ಲಿ ಜಾಗ ಕಡಿಮೆ. 2024ರ ಆಗಸ್ಟಿನಲ್ಲಿ, ಸೀಸನ್ ಶುರುವಾಗುವುದಕ್ಕೆ ಕೆಲವೇ ದಿನ ಇರುವಾಗ, ಡೋರನ್ಸ್ ನಿವೃತ್ತಿ ಅಂದರು. 73 ವಯಸ್ಸು. ಅವರು ಬಿಟ್ಟುಹೋದ ಮೈದಾನಕ್ಕೆ 2019ರಿಂದಲೇ ಅವರ ಹೆಸರಿದೆ.

ಆಮೇಲಿನ ಡಿಸೆಂಬರಿನಲ್ಲಿ ಏನಾಯಿತು ಗೊತ್ತಾ? ಹಲವು ವರ್ಷ ಅವರಿಗೆ ಸಹಾಯಕರಾಗಿದ್ದ ಡೇಮನ್ ನಹಾಸ್ ತಾತ್ಕಾಲಿಕ ಕೋಚ್ ಆಗಿ, ಅದೇ ನಮ್ಮ ಊರಿನ ಮೈದಾನದಲ್ಲಿ ವೇಕ್ ಫಾರೆಸ್ಟ್ ತಂಡವನ್ನು 1-0 ಸೋಲಿಸಿ ಕಪ್ ಗೆದ್ದರು. 12 ವರ್ಷ ಬಾರದ್ದು ತಾತ ಹೋದ ನಾಲ್ಕೇ ತಿಂಗಳಲ್ಲಿ ಬಂತು. ಇದು ಯಾರ ಗೆಲುವು ಅಂತ ಮೈದಾನದ ಪಕ್ಕದ ನಮ್ಮ ಕುರ್ಚಿಗಳಲ್ಲಿ ಇನ್ನೂ ಜಗಳ ನಡೆಯುತ್ತದೆ. ಕಟ್ಟಿದವರು ಅವರು ಅಂತ ಮೈಸೂರಿನವರು. ಬಿಟ್ಟುಕೊಟ್ಟಿದ್ದಕ್ಕೇ ಬಂತು ಅಂತ ನಮ್ಮ ಯಜಮಾನರು. ಬೆಂಗಳೂರಿನ ನನ್ನ ತಮ್ಮ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನ ಹುಚ್ಚ. ಅವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ, ಆರ್ಸೆನಲ್‌ಗೆ ಆಡಿರುವ ಅಲೆಸಿಯಾ ರುಸೋ, ಲೊಟ್ಟೆ ವಬನ್-ಮೋಯ್, ಎಮಿಲಿ ಫಾಕ್ಸ್ ಮೂವರೂ ಆ ತಾತನ ಹತ್ತಿರವೇ ಆಡಿದವರು ಕಣಕ್ಕಾ, ಇನ್ನೇನು ಬೇಕು ಅನ್ನುತ್ತಾನೆ.

ಮೊನ್ನೆ ಮೈಸೂರಿನವರು ನೇರವಾಗಿ ಕೇಳಿದರು. 'ಇಷ್ಟೆಲ್ಲ ಓದಿದ್ದೀರಲ್ಲ ಮೇಡಂ, ಅಂಥ ಕೋಚ್ ಬಂದು ನಿಮ್ಮ ಮಗಳಿಗೆ ಸೀಟ್ ಕೊಡ್ತೀನಿ ಅಂದ್ರೆ ಕಳಿಸ್ತೀರಾ?' ಕಳಿಸುತ್ತೇನೆ ಅಂದೆ. ಆದರೆ ಮೊದಲು ಒಂದಷ್ಟು ಕೇಳುತ್ತೇನೆ. ಮಗಳಿಗೆ ಏನಾದರೂ ತೊಂದರೆ ಆದರೆ ಯಾರ ಹತ್ತಿರ ಹೋಗಿ ಹೇಳಬೇಕು, ಅವರು ಕೋಚಿನ ಕೈಕೆಳಗಿನವರೋ ಅಲ್ಲವೋ, ಸ್ಕಾಲರ್‌ಶಿಪ್ ನಿಲ್ಲಿಸುವ ಅಧಿಕಾರ ಯಾರದು, ಒಬ್ಬಳನ್ನೇ ಕರೆದು ಮಾತಾಡುವಾಗ ಬಾಗಿಲು ತೆರೆದಿರುತ್ತದಾ ಅಂತ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. 'ಇಷ್ಟೆಲ್ಲಾ ಕೇಳಿದ್ರೆ ಸೀಟ್ ಕೊಡ್ತಾರಾ ಮೇಡಂ?' ಅಂದರು.